ಎಡಿಟಿಂಗ್ ತಂತ್ರಾಂಶದ ಹೊಸ ಆವೃತ್ತಿಗೆ ಹಣ ಹಾಕುವ ಮೊದಲು: ಶಿರಸಿಯ ಎಡಿಟಿಂಗ್ ಕೋಣೆಯೊಂದರ ಕೆಲಸದ ದಾಖಲೆ

ಶಿರಸಿಯಲ್ಲಿ ನಾವು ನಡೆಸುವ ಎಡಿಟಿಂಗ್ ಕೋಣೆಗೆ ಬರುವ ಕೆಲಸ ಬಹುಮಟ್ಟಿಗೆ ಮೂರು ಬಗೆಯದು: ಬೇಸಿಗೆಯ ಮದುವೆ ಮತ್ತು ಉಪನಯನಗಳು, ದೀಪಾವಳಿಯ ನಂತರ ಮಳೆ ಹಿಡಿಯುವವರೆಗಿನ ಬಡಗುತಿಟ್ಟಿನ, ಎಂದರೆ ಉತ್ತರದ ಶೈಲಿಯ, ಯಕ್ಷಗಾನ ಬಯಲಾಟಗಳು, ಮಳೆಗಾಲದಲ್ಲಿ ಸಭಾಭವನಗಳಲ್ಲೂ ದೇವಸ್ಥಾನಗಳಲ್ಲೂ ನಡೆಯುವ ತಾಳಮದ್ದಳೆಗಳು. ಇಷ್ಟು ವರ್ಷ ಇವೆಲ್ಲವನ್ನೂ ಒಂದೇ ಯಂತ್ರದಲ್ಲಿ, 2013ರ ಸುಮಾರಿನ ಒಂದು ವೃತ್ತಿಪರ ಎಡಿಟಿಂಗ್ ತಂತ್ರಾಂಶದಲ್ಲಿ, ಅಂದರೆ ಎಡಿಟರ್‌ನಲ್ಲಿ ಮಾಡಿಕೊಂಡು ಬಂದಿದ್ದೇವೆ. ಅದರ ಲೈಸೆನ್ಸ್ ಒಮ್ಮೆ ಹಣ ಕೊಟ್ಟು ಪಡೆದ ಕಾಯಂ ಲೈಸೆನ್ಸ್. ಯಂತ್ರವೂ ಅದೇ ಕಾಲದ್ದು: ನಾಲ್ಕನೆಯ ತಲೆಮಾರಿನ ಇಂಟೆಲ್ ಐ7, 16 ಜಿಬಿ ರ್‍ಯಾಮ್, ವಿಂಡೋಸ್ 7, ಮತ್ತು ಆಮೇಲೆ ಸೇರಿಸಿದ ಒಂದು ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್.

ತೊಂದರೆ ಶುರುವಾದದ್ದು ಬಾಡಿಗೆಗೆ ತಂದ ಹೊಸ ಕ್ಯಾಮೆರಾದ ಕಡತಗಳಿಂದ. ಹಳೆಯ ಎಡಿಟರ್ ಅವುಗಳ ಧ್ವನಿಯನ್ನಷ್ಟೇ ಕೇಳಿಸಿ, ಚಿತ್ರದ ಜಾಗದಲ್ಲಿ ಕಪ್ಪು ಚೌಕವನ್ನು ತೋರಿಸುತ್ತಿತ್ತು. ಅದೇ ಸಮಯಕ್ಕೆ ಮದುವೆಮನೆಯವರು ತಮ್ಮ ಮೊಬೈಲಿನಲ್ಲಿ ತೆಗೆದ ತುಣುಕುಗಳನ್ನು ತಂದುಕೊಟ್ಟು ಇದನ್ನೂ ಸೇರಿಸಿ ಎಂದು ಕೇಳುವುದು ಹೆಚ್ಚಾಯಿತು. ಆ ತುಣುಕುಗಳಲ್ಲಿ ಮಂತ್ರಕ್ಕೂ ತುಟಿಗೂ ಹೊಂದಾಣಿಕೆ ಇರುತ್ತಿರಲಿಲ್ಲ. ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ: ಸಾಫ್ಟ್‌ವೇರ್ ಹಳೆಯದಾಯಿತು, ಹೊಸದನ್ನು ಹಾಕಿಸಿ. ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಹಣ ಖರ್ಚು ಮಾಡುವ ಮೊದಲೇ ಬಿಡಿಬಿಡಿಯಾಗಿ ಪರೀಕ್ಷಿಸಿ ನೋಡಿದ ದಾಖಲೆ ಇದು.

ಹಳೆಯ ಯಂತ್ರವನ್ನು ಮೊದಲು ಉಳಿಸಿಕೊಂಡದ್ದು

ಹೊಸದರ ಮಾತಿಗೆ ಮೊದಲು ಹಳೆಯದು ಕೆಡದಂತೆ ನೋಡಿಕೊಳ್ಳಬೇಕಾಗಿತ್ತು, ಏಕೆಂದರೆ ಇಂಥ ಕಾಯಂ ಲೈಸೆನ್ಸ್‌ಗಳು ಸಾಮಾನ್ಯವಾಗಿ ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತವೆ. ಬೋರ್ಡ್ ಬದಲಾದರೆ ಮತ್ತೆ ಆಕ್ಟಿವೇಶನ್ ಕೇಳುತ್ತವೆ, ಮತ್ತು ಅದನ್ನು ನೀಡುವ ಸರ್ವರ್ ಆ ಹೊತ್ತಿಗೆ ಚಾಲ್ತಿಯಲ್ಲಿರುತ್ತದೆ ಎಂಬ ಭರವಸೆ ಇಲ್ಲ. ಪೆಟ್ಟಿಗೆ ಬಿಚ್ಚಿದಾಗ ಕಂಡದ್ದು ಮಲೆನಾಡಿನ ಯಾವ ಮನೆಯ ಕಂಪ್ಯೂಟರಿನಲ್ಲೂ ಕಾಣುವಂಥದ್ದೇ: ಫ್ಯಾನಿನ ರೆಕ್ಕೆಗಳಲ್ಲಿ ತೇವ ಹೀರಿ ಗಟ್ಟಿಯಾದ ಧೂಳು, ಪವರ್ ಸಪ್ಲೈ ಬಳಿ ಇರುವೆಗಳ ಸಾಲು, ರ್‍ಯಾಮಿನ ಹಿತ್ತಾಳೆ ಬಣ್ಣದ ಅಂಚುಗಳ ಮೇಲೆ ಮಂಕು. ರ್‍ಯಾಮ್ ಅಂಚುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ್ದಾಯಿತು. ಪ್ರೊಸೆಸರ್ ಮೇಲೆ ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ತೆಗೆದು ಹೊಸದನ್ನು ಹಚ್ಚಿದೆವು. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಬದಲಿಸಿದೆವು. ಗಡಿಯಾರ ಹಿಂದಕ್ಕೆ ಹೋದರೆ ಕೆಲವು ಲೈಸೆನ್ಸ್‌ಗಳು ತಕರಾರು ತೆಗೆಯುವುದುಂಟು.

ಅನಂತರ ಕ್ಲೋನ್‌ಜಿಲ್ಲಾ ಎಂಬ ಉಚಿತ ನಕಲು ತಂತ್ರಾಂಶ ಬಳಸಿ ಇಡೀ ಎಸ್‌ಎಸ್‌ಡಿಯ ಪಡಿಯಚ್ಚನ್ನು ಮತ್ತೊಂದು ಎಸ್‌ಎಸ್‌ಡಿಗೆ ಇಳಿಸಿ, ಆ ಪಡಿಯಚ್ಚಿನಿಂದಲೇ ಯಂತ್ರವನ್ನು ಬೂಟ್ ಮಾಡಿ, ಹಳೆಯ ಎಡಿಟರ್ ತೆರೆಯುತ್ತದೆಯೇ, ಹಳೆಯ ಪ್ರಾಜೆಕ್ಟ್ ಒಂದು ಕೊನೆಯವರೆಗೆ ರೆಂಡರ್ ಆಗುತ್ತದೆಯೇ, ಅಂದರೆ ಅಂತಿಮ ವಿಡಿಯೋ ಕಡತವಾಗಿ ಹೊರಬರುತ್ತದೆಯೇ ಎಂದು ನೋಡಿದೆವು. ಪ್ರತಿ ತೆಗೆದಿಟ್ಟರೆ ಸಾಲದು, ಅದು ಓಡುತ್ತದೆ ಎಂದು ಕಂಡ ಮೇಲೆಯೇ ಅದಕ್ಕೆ ಚೀಟಿ ಅಂಟಿಸಬೇಕು. ಈ ಯಂತ್ರದ ಇಂಟರ್‌ನೆಟ್ ಕೇಬಲನ್ನು ಅಂದೇ ಕಿತ್ತು ಬದಿಗಿಟ್ಟೆವು. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಸಿಗುತ್ತಿದ್ದ ಭದ್ರತಾ ಪರಿಷ್ಕರಣೆ 2020ರ ಜನವರಿಯಲ್ಲೇ ನಿಂತಿದೆ. ಆ ಕಾಲದ ಎಡಿಟರ್‌ಗಳು ನೆಚ್ಚಿಕೊಂಡಿದ್ದ ವಿಂಡೋಸ್‌ನ ಕ್ವಿಕ್‌ಟೈಮ್ ಅನ್ನು ಆಪಲ್ 2016ರಲ್ಲಿ ಕೈಬಿಟ್ಟಿದೆ. ಇಂಥ ಯಂತ್ರಕ್ಕೆ ಪೆನ್‌ಡ್ರೈವ್ ಹಾಕುವಾಗಲೂ ಎಚ್ಚರ ಬೇಕು.

ಕಡತಗಳ ಜಾತಕ

ಮುಂದಿನ ಕೆಲಸ, ತೊಂದರೆ ಕೊಡುವ ಕಡತಗಳನ್ನು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದಾಗಿ ತೆರೆದು ಓದುವುದು. ಎಡಿಟಿಂಗ್ ನಿಧಾನವಾಯಿತೆಂದು ದೂರುವವರಲ್ಲಿ ಹೆಚ್ಚಿನವರು ಈ ಕೆಲಸವನ್ನು ಮಾಡಿರುವುದಿಲ್ಲ. ಮಾಡಿದ್ದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತಿತ್ತು.

ನಮ್ಮ ಹಳೆಯ ಕ್ಯಾಮೆರಾದ ಕಡತ ಎವಿಸಿಎಚ್‌ಡಿ ಮಾದರಿಯದು: ಎಚ್.264 ಕೋಡೆಕ್ (ವಿಡಿಯೋವನ್ನು ಕುಗ್ಗಿಸಿಡುವ ವಿಧಾನ), 8 ಬಿಟ್, 4:2:0 (ಇವೆರಡರ ಅರ್ಥ ಮುಂದೆ ಬರುತ್ತದೆ), ಚಿತ್ರವನ್ನು ಬೆಸ ಮತ್ತು ಸಮ ಗೆರೆಗಳ ಎರಡು ಅರ್ಧಗಳಾಗಿ ಹಿಡಿಯುವ ಇಂಟರ್‌ಲೇಸ್ಡ್ 50. ಇದು ಹಳೆಯ ಎಡಿಟರ್‌ಗೆ ನೀರು ಕುಡಿದಷ್ಟು ಸುಲಭ. ಬಾಡಿಗೆ ಕ್ಯಾಮೆರಾದ ಕಡತ ಎಚ್.265, ಅಂದರೆ ಎಚ್‌ಇವಿಸಿ ಕೋಡೆಕ್‌ನದು. 4ಕೆ, ಸೆಕೆಂಡಿಗೆ 25 ಫ್ರೇಮ್, 10 ಬಿಟ್, 4:2:2, ಸೆಕೆಂಡಿಗೆ 100 ಮೆಗಾಬಿಟ್. ಈ ಕೋಡೆಕ್‌ನ ಮಾನದಂಡ ಅಂಗೀಕಾರವಾದದ್ದೇ 2013ರಲ್ಲಿ. ಹಾಗಾಗಿ ಅದೇ ವರ್ಷದ ಎಡಿಟರ್ ಅದನ್ನು ಗುರುತಿಸದಿದ್ದರೆ ಅದರಲ್ಲಿ ದೋಷವೇನೂ ಇಲ್ಲ, ಅದು ಹುಟ್ಟಿದಾಗ ಇಂಥ ಕಡತ ಇರಲೇ ಇಲ್ಲ. ಮೊಬೈಲ್ ತುಣುಕುಗಳಲ್ಲಿ ಕೆಲವು ಎಚ್.264, ಕೆಲವು ಎಚ್‌ಇವಿಸಿ. ಐಫೋನುಗಳು 2017ರಿಂದ ಈಚೆಗೆ ಎಚ್‌ಇವಿಸಿಯನ್ನೇ ರೂಢಿಯಾಗಿ ಬಳಸುತ್ತಿವೆ. ಆದರೆ ಮೊಬೈಲ್ ಕಡತಗಳ ನಿಜವಾದ ಗುಟ್ಟು ಕೋಡೆಕ್‌ನಲ್ಲಿರಲಿಲ್ಲ. ಫ್ರೇಮ್ ದರದ ಸಾಲಿನಲ್ಲಿ ಅದು ಸ್ಥಿರವಲ್ಲ, ಬದಲಾಗುವಂಥದ್ದು ಎಂದಿತ್ತು. ಬೆಳಕು ಕಡಿಮೆಯಾದಾಗ, ಫೋನು ಬಿಸಿಯೇರಿದಾಗ, ಮೊಬೈಲ್ ಸೆಕೆಂಡಿಗೆ ತೆಗೆಯುವ ಫ್ರೇಮುಗಳನ್ನು ತಾನೇ ಏರಿಳಿಸುತ್ತದೆ. ಹಳೆಯ ಎಡಿಟರ್ ಇಡೀ ಕಡತಕ್ಕೆ ಒಂದೇ ದರ ಎಂದು ನಂಬಿ ಚಿತ್ರವನ್ನು ಓಡಿಸುತ್ತದೆ, ಧ್ವನಿ ಮಾತ್ರ ತನ್ನ ಗತಿಯಲ್ಲಿ ಸಾಗುತ್ತದೆ. ಹೀಗೆ ಎರಡೂ ಬೇರೆಯಾಗುತ್ತವೆ.

ಹೀಗೆ ಓದಿದ ಮೇಲೆ ತಿಳಿದದ್ದು, ನಮ್ಮದು ಒಂದು ತೊಂದರೆಯಲ್ಲ, ಮೂರು. ಕಡತ ತೆರೆಯದಿರುವುದು ಒಂದು, ತೆರೆದರೂ ತಡವರಿಸದೆ ಓಡದಿರುವುದು ಇನ್ನೊಂದು, ಧ್ವನಿ ಹೊಂದದಿರುವುದು ಮತ್ತೊಂದು. ಹೊಸ ಆವೃತ್ತಿ ಇವುಗಳಲ್ಲಿ ಯಾವುದನ್ನು ಸರಿಪಡಿಸುತ್ತದೆ ಎಂಬುದೇ ಮುಂದಿನ ಪರೀಕ್ಷೆಯ ವಿಷಯ.

ಖರ್ಚಿಲ್ಲದ ದಾರಿ: ಕಡತವನ್ನೇ ಬದಲಿಸುವುದು

ಎಚ್.264 ಮತ್ತು ಎಚ್.265ರಲ್ಲಿ ಪ್ರತಿ ಫ್ರೇಮೂ ಪೂರ್ಣ ಚಿತ್ರವಾಗಿ ಇರುವುದಿಲ್ಲ. ನಡುನಡುವೆ ಒಂದು ಪೂರ್ಣ ಫ್ರೇಮ್ ಇದ್ದು, ಉಳಿದವು ಅದರಿಂದ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ನೋಡುವುದಕ್ಕೆ ಇದು ಒಳ್ಳೆಯ ಉಪಾಯ. ಕತ್ತರಿಸುವುದಕ್ಕೆ ಅಲ್ಲ, ಏಕೆಂದರೆ ನಡುವಿನ ಒಂದು ಫ್ರೇಮನ್ನು ತೋರಿಸಬೇಕಾದರೂ ಪ್ರೊಸೆಸರ್ ಹಿಂದಿನ ಪೂರ್ಣ ಫ್ರೇಮಿನವರೆಗೆ ಹೋಗಿ ಲೆಕ್ಕ ಹಾಕಿಕೊಂಡು ಬರಬೇಕು. ಎಡಿಟಿಂಗ್‌ಗೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಡಿ, ಪ್ರೊರೆಸ್‌ನಂಥ ಮಧ್ಯಂತರ ಕೋಡೆಕ್‌ಗಳಲ್ಲಿ ಪ್ರತಿ ಫ್ರೇಮೂ ಪೂರ್ಣವಾಗಿಯೇ ಇರುತ್ತದೆ. ಕಡತ ದೊಡ್ಡದಾಗುತ್ತದೆ, ಪ್ರೊಸೆಸರಿನ ಹೊರೆ ಇಳಿಯುತ್ತದೆ.

ಎಫ್‌ಎಫ್‌ಎಂಪೆಗ್ ಎಂಬ, ಕಡತದ ಮಾದರಿ ಬದಲಿಸುವ ಉಚಿತ ತಂತ್ರಾಂಶ ಬಳಸಿ ಬಾಡಿಗೆ ಕ್ಯಾಮೆರಾದ ಕಡತಗಳನ್ನು 1080 ಗಾತ್ರದ ಡಿಎನ್‌ಎಕ್ಸ್‌ಎಚ್‌ಡಿ 120ಕ್ಕೆ ಬದಲಿಸಿದೆವು. ಮೊಬೈಲ್ ತುಣುಕುಗಳನ್ನು ಅದೇ ಹಂತದಲ್ಲಿ ಸೆಕೆಂಡಿಗೆ 25ರ ಸ್ಥಿರ ಫ್ರೇಮ್ ದರಕ್ಕೆ ತಂದೆವು. ಹಳೆಯ ಕ್ಯಾಮೆರಾದ ಇಂಟರ್‌ಲೇಸ್ಡ್ ಕಡತ ಅಂತಿಮವಾಗಿ ಯೂಟ್ಯೂಬಿಗೆ ಹೋಗುವುದಿದ್ದರೆ, ಬಿಡಬ್ಲ್ಯೂಡಿಫ್ ಫಿಲ್ಟರ್ ಹಚ್ಚಿ ಅದನ್ನು ಮೊದಲೇ ಗೆರೆಗಳೆಲ್ಲ ಒಟ್ಟಿಗೆ ಇರುವ ಪ್ರೋಗ್ರೆಸಿವ್ ಕಡತವಾಗಿ ಮಾಡಿಕೊಂಡೆವು. ಹೀಗೆ ಬದಲಿಸಿದ ಕಡತಗಳು ಹಳೆಯ ಎಡಿಟರ್‌ನ ಟೈಮ್‌ಲೈನಿನಲ್ಲಿ, ಮೂರು ಕ್ಯಾಮೆರಾ ಪದರಗಳಿದ್ದಾಗಲೂ, ಎಲ್ಲಿಯೂ ತಡವರಿಸಲಿಲ್ಲ. ಮಂತ್ರಕ್ಕೆ ತುಟಿ ಹೊಂದಿತು. 30ರ ದರವನ್ನು 25ಕ್ಕೆ ಇಳಿಸಿದ ಮೊಬೈಲ್ ತುಣುಕುಗಳಲ್ಲಿ ವೇಗದ ಚಲನೆ ಸ್ವಲ್ಪ ಕುಪ್ಪಳಿಸುತ್ತದೆ ನಿಜ; ಮದುವೆಯಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ, ಯಕ್ಷಗಾನದ ಮಂಡಿಕುಣಿತದಲ್ಲಿ ಮಾತ್ರ ಎದ್ದು ಕಾಣುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಹಾರ್ಡ್ ಡಿಸ್ಕ್. ಸೆಕೆಂಡಿಗೆ 120 ಮೆಗಾಬಿಟ್ ಎಂದರೆ ಗಂಟೆಗೆ 54 ಜಿಬಿ. ರಾತ್ರಿಯ ಆರು ಗಂಟೆಗಳ ಬಯಲಾಟವನ್ನು ಮೂರು ಕ್ಯಾಮೆರಾಗಳಲ್ಲಿ ತೆಗೆದರೆ 972 ಜಿಬಿ. ಒಂದೇ ಆಟಕ್ಕೆ ಹೆಚ್ಚುಕಡಿಮೆ ಒಂದು ಟಿಬಿ. ಮೂಲ ಕಡತ ಗಂಟೆಗೆ 45 ಜಿಬಿ ಇರುವಾಗ ಇದು ಅಷ್ಟೇನೂ ದೊಡ್ಡದಲ್ಲ ಎನಿಸಬಹುದು, ಆದರೆ ಎರಡನ್ನೂ ಇಟ್ಟುಕೊಳ್ಳಬೇಕಲ್ಲ. ಬದಲಿಗೆ ಡಿಎನ್‌ಎಕ್ಸ್‌ಎಚ್‌ಡಿ 36 ಎಂಬ ಹಗುರ ಮಾದರಿಯಲ್ಲಿ ಪ್ರಾಕ್ಸಿ, ಎಂದರೆ ಕತ್ತರಿಸುವುದಕ್ಕಷ್ಟೇ ಬಳಸುವ ಬದಲಿ ಪ್ರತಿ, ಮಾಡಿದರೆ ಗಂಟೆಗೆ 16.2 ಜಿಬಿ, ಇಡೀ ಆಟಕ್ಕೆ 292 ಜಿಬಿಯ ಒಳಗೆ ಮುಗಿಯುತ್ತದೆ. ಆಗ ಕತ್ತರಿಸುವ ಕೆಲಸವನ್ನೆಲ್ಲ ಪ್ರಾಕ್ಸಿಯಲ್ಲಿ ಮಾಡಿ, ಕೊನೆಯ ರೆಂಡರಿಗೆ ಮಾತ್ರ ದೊಡ್ಡ ಕಡತವನ್ನು ಜೋಡಿಸಬೇಕು. ಕಡತ ಬದಲಿಸುವ ಕೆಲಸವನ್ನು ರಾತ್ರಿ ಹಚ್ಚಿಟ್ಟು ಮಲಗಬಹುದು, ಕರೆಂಟ್ ಕೈಕೊಡದಿದ್ದರೆ. ಮಳೆಗಾಲದ ಶಿರಸಿಯಲ್ಲಿ ಆ ಮಾತನ್ನು ನೆಚ್ಚಲಾಗದು, ಆದ್ದರಿಂದ ಈ ಇಡೀ ಯೋಜನೆಯಲ್ಲಿ ಮೊದಲು ಹಣ ಹೋದದ್ದು ಯುಪಿಎಸ್‌ನ ಹೊಸ ಬ್ಯಾಟರಿಗೆ ಮತ್ತು ಒಂದು ದೊಡ್ಡ ಹಾರ್ಡ್ ಡಿಸ್ಕಿಗೆ. ಒಂದು ಗಂಟೆಯ ಕಡತವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಬದಲಿಸುವಂತೆ ಆದೇಶಗಳ ಸಾಲನ್ನು (ಬ್ಯಾಚ್) ಬರೆದುಕೊಂಡರೆ, ನಡುವೆ ನಿಂತರೂ ಒಂದು ತುಂಡಷ್ಟೇ ಹಾಳಾಗುತ್ತದೆ.

ಮದುವೆ ಮತ್ತು ಉಪನಯನದ ಕೆಲಸವಷ್ಟೇ ಇರುವ ಎಡಿಟಿಂಗ್ ಕೋಣೆಯವರು ಇಲ್ಲಿಯೇ ನಿಂತರೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಕಡತ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಹೊಸ ಲೈಸೆನ್ಸ್ ಕೊಳ್ಳುವುದು ದುಬಾರಿ.

ಯಕ್ಷಗಾನದಲ್ಲಿ ಇದು ಸಾಲದಾದದ್ದು

ಡಿಎನ್‌ಎಕ್ಸ್‌ಎಚ್‌ಡಿ 120 ಎಂಟು ಬಿಟ್ಟಿನದು. 10 ಬಿಟ್ಟಿನ ಕ್ಯಾಮೆರಾಕ್ಕೆ ಬಾಡಿಗೆ ಕೊಟ್ಟು, ತಂದ ಮೇಲೆ ಆ ಹೆಚ್ಚುವರಿ ಮಾಹಿತಿಯನ್ನು ನಾವೇ ಎಸೆದಂತಾಯಿತು. ಎಂಟು ಬಿಟ್ಟಿನಲ್ಲಿ ಒಂದೊಂದು ವರ್ಣಕ್ಕೆ 256 ಮೆಟ್ಟಿಲುಗಳು, ಹತ್ತರಲ್ಲಿ 1024. ಹಗಲಿನ ಚಪ್ಪರದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ರಾತ್ರಿಯ ರಂಗಸ್ಥಳದಲ್ಲಿ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೆಂಪು ಮತ್ತು ಕಪ್ಪು ಎದುರಿಗೆ ಬಂದು, ಹಿಂದಿನ ಪರದೆ ಕತ್ತಲಲ್ಲಿದ್ದಾಗ, ನೆರಳನ್ನು ತುಸು ಎತ್ತಿದರೆ ಸಾಕು, ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣತೊಡಗುತ್ತದೆ. ಕೆಂಪಿನ ಅಂಚಿನದು ಬೇರೆಯೇ ಕಥೆ. 4:2:0 ಮಾದರಿಯಲ್ಲಿ ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧದಷ್ಟೇ ಇರುತ್ತದೆ; ಅದರ ಮೇಲೆ ಇಂಟರ್‌ಲೇಸ್ ಸೇರಿದರೆ ಕಿರೀಟದ ಕೆಂಪು ಅಂಚು ಮೆಟ್ಟಿಲುಮೆಟ್ಟಿಲಾಗಿ ಹರಿದಂತೆ ತೋರುತ್ತದೆ. 4:2:2ರಲ್ಲಿ ಅಡ್ಡಕ್ಕೆ ಮಾತ್ರ ಅರ್ಧ, ಹಾಗಾಗಿ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ವೇಷಭೂಷಣಕ್ಕೆ ಮೇಳದವರು ಪಡುವ ಶ್ರಮವನ್ನು ನೋಡಿದವರಿಗೆ ಈ ಅಂಚು ಸಣ್ಣ ವಿಷಯವಲ್ಲ.

ಹತ್ತು ಬಿಟ್ಟಿನ ಡಿಎನ್‌ಎಕ್ಸ್‌ಎಚ್‌ಡಿ 185ಎಕ್ಸ್ ಮಾದರಿಗೆ ಹೋದರೆ ಗಂಟೆಗೆ 83 ಜಿಬಿ ದಾಟುತ್ತದೆ. ಅದನ್ನೂ ಮಾಡಿ ನೋಡಿದೆವು. ಹಳೆಯ ಎಡಿಟರ್ ಕಡತವನ್ನು ತೆಗೆದುಕೊಂಡಿತು, ಆದರೆ ಅದರ ಬಣ್ಣ ತಿದ್ದುವ ಫಿಲ್ಟರುಗಳಲ್ಲಿ ಹಲವು ಒಳಗೆ ಎಂಟು ಬಿಟ್ಟಿನಲ್ಲೇ ಲೆಕ್ಕ ಮಾಡುತ್ತವೆ, ಪಟ್ಟೆ ಮತ್ತೆ ಬಂತು. ತಂತ್ರಾಂಶದ್ದೇ ಆದ ಮಿತಿ ಎಂದು ಖಚಿತವಾಗಿ ಹೇಳಬಹುದಾದದ್ದು ನಮಗೆ ಸಿಕ್ಕಿದ್ದು ಇದೊಂದೇ.

ಎರಡನೆಯ ಎಸ್‌ಎಸ್‌ಡಿಯಲ್ಲಿ ಹೊಸದು

ಎಡಿಟಿಂಗ್ ತಂತ್ರಾಂಶ ಕೊಳ್ಳುವ ರೀತಿಯೇ ಹಿಂದಿನಂತಿಲ್ಲ. ಪ್ರೀಮಿಯರ್ ಎಡಿಟರ್ ತಯಾರಿಸುವ ಅಡೋಬಿ ಕಂಪನಿ 2013ರ ಮೇ ತಿಂಗಳಿನಲ್ಲಿ, ತನ್ನ ಸಿಎಸ್6 ಆವೃತ್ತಿಯ ನಂತರ ಕಾಯಂ ಮಾರಾಟದ ಹೊಸ ಆವೃತ್ತಿ ಇರುವುದಿಲ್ಲ, ಮುಂದೆ ಚಂದಾ ಮಾತ್ರ ಎಂದು ಪ್ರಕಟಿಸಿತು. ಚಂದಾದ ಪದ್ಧತಿಯಲ್ಲಿ ಹೊಸ ಆವೃತ್ತಿ ತಾನಾಗಿ ಬರುತ್ತದೆ, ಕೊಡುವುದನ್ನು ನಿಲ್ಲಿಸಿದರೆ ಪ್ರಾಜೆಕ್ಟ್ ತೆರೆಯುವ ದಾರಿಯೂ ಮುಚ್ಚುತ್ತದೆ. ವರ್ಷದಲ್ಲಿ ನಾಲ್ಕಾರು ತಿಂಗಳು ಬಿಡುವಿಲ್ಲದ ದುಡಿಮೆ, ಉಳಿದ ತಿಂಗಳು ಅಷ್ಟಕ್ಕಷ್ಟೇ ಇರುವ ನಮ್ಮಂಥವರಿಗೆ ಆಷಾಢದಲ್ಲೂ ಬಾಡಿಗೆ ಕಟ್ಟುವುದು ಹಿಡಿಸದ ಮಾತು. ಮತ್ತೊಂದು ಕಡೆ, 2009ರಲ್ಲಿ ಡಾವಿಂಚಿ ಕಂಪನಿಯನ್ನು ಕೊಂಡ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2011ರಿಂದ ತನ್ನ ಎಡಿಟಿಂಗ್ ತಂತ್ರಾಂಶವಾದ ರಿಸಾಲ್ವ್‌ನ ಉಚಿತ ಆವೃತ್ತಿಯನ್ನು ನೀಡುತ್ತಿದೆ. ಪೂರ್ಣ ರೂಪವಾದ ಸ್ಟುಡಿಯೋ ಆವೃತ್ತಿಗೆ ಒಮ್ಮೆಗೆ 295 ಡಾಲರ್ ಬೆಲೆ, ಒಂದು ಲೈಸೆನ್ಸ್ ಕೀ ಎರಡು ಯಂತ್ರಗಳಿಗೆ ಸಲ್ಲುತ್ತದೆ. ಉಚಿತ ಆವೃತ್ತಿ 8 ಬಿಟ್ ವಿಡಿಯೋಕ್ಕೆ, ಅಲ್ಟ್ರಾ ಎಚ್‌ಡಿ ಗಾತ್ರದವರೆಗೆ, ಸೆಕೆಂಡಿಗೆ 60 ಫ್ರೇಮಿನವರೆಗೆ ಎಂದು ಕಂಪನಿಯೇ ಹೇಳುತ್ತದೆ. 10 ಬಿಟ್ ಬೇಕಾದರೆ ಸ್ಟುಡಿಯೋ. ಪರೀಕ್ಷೆಗೆ ರಿಸಾಲ್ವ್‌ನ ಉಚಿತ ಆವೃತ್ತಿಯನ್ನೇ ಆರಿಸಿಕೊಂಡೆವು, ಕಾರಣ ಸರಳ: ಪರೀಕ್ಷಿಸಲು ಹಣ ಬೇಡ.

ಅದೇ ಯಂತ್ರಕ್ಕೆ ಮತ್ತೊಂದು ಎಸ್‌ಎಸ್‌ಡಿ ಜೋಡಿಸಿ ಅದರಲ್ಲಿ ವಿಂಡೋಸ್ 10 ಹಾಕಿ, ಹಳೆಯ ಎಸ್‌ಎಸ್‌ಡಿಯ ಕೇಬಲನ್ನು ಪೂರ್ತಿ ಬಿಡಿಸಿಟ್ಟು ರಿಸಾಲ್ವ್ ಸ್ಥಾಪಿಸಿದೆವು. ಇಲ್ಲಿಯೇ ಹೊಸ ಆವೃತ್ತಿಯ ಹಿಂದೆ ಸಾಲಾಗಿ ನಿಂತ ಖರ್ಚುಗಳು ಕಾಣತೊಡಗಿದವು. ಹೊಸ ತಂತ್ರಾಂಶ ವಿಂಡೋಸ್ 7ರಲ್ಲಿ ಓಡುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ರಿಸಾಲ್ವ್ 16 ಜಿಬಿ ರ್‍ಯಾಮ್ ಕೇಳುತ್ತದೆ, ಅದರೊಳಗೆ ದೃಶ್ಯ ಪರಿಣಾಮಗಳಿಗೆಂದು ಇರುವ ಫ್ಯೂಷನ್ ಬಳಸುವುದಾದರೆ 32. ಅಂದರೆ ತಂತ್ರಾಂಶದ ಬೆಲೆ ಎಂದು ಬರೆದಿಟ್ಟುಕೊಂಡ ಅಂಕಿ ನಿಜವಾದ ಖರ್ಚಿನ ಒಂದು ಸಣ್ಣ ಪಾಲು.

ಹಳೆಯ ಯಂತ್ರದಲ್ಲಿ, ಬದಲಿಸಿದ ಕಡತಗಳೊಂದಿಗೆ, ಹೊಸದು ಚೆನ್ನಾಗಿಯೇ ಓಡಿತು. ಬೇರೆಬೇರೆ ಕ್ಯಾಮೆರಾಗಳನ್ನೂ ರೆಕಾರ್ಡರನ್ನೂ ಧ್ವನಿಯ ಅಲೆಯ ಆಧಾರದಿಂದ ತಾನೇ ಜೋಡಿಸುವ ಸೌಲಭ್ಯ ನಮಗೆ ಹಿಡಿಸಿತು. ಮೊದಲು ಚಂಡೆಯ ಒಂದು ಪೆಟ್ಟನ್ನು ಗುರುತಿಟ್ಟುಕೊಂಡು ಪ್ರತಿ ಪದರವನ್ನೂ ಕೈಯಿಂದ ಎಳೆದು ಕೂರಿಸುತ್ತಿದ್ದೆವು. ಮೂರು ಕ್ಯಾಮೆರಾಗಳ ಬಣ್ಣ ಹೊಂದಿಸುವ ಕೆಲಸದಲ್ಲಿ ಹಳೆಯದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಕತ್ತಲ ದೃಶ್ಯಗಳಲ್ಲಿ ಕುದಿಯುವ ಕಾಳುಕಾಳನ್ನು ಅಳಿಸುವ, ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ ಕೆಲಸ ಮಾಡುವ ನಾಯ್ಸ್ ರಿಡಕ್ಷನ್ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ ಇದೆ, ಮತ್ತು ಅದು ಗ್ರಾಫಿಕ್ಸ್ ಕಾರ್ಡನ್ನು ಚೆನ್ನಾಗಿ ದುಡಿಸುತ್ತದೆ.

ಸ್ಟುಡಿಯೋ ಕೊಂಡರೆ ಬಾಡಿಗೆ ಕ್ಯಾಮೆರಾದ ಮೂಲ ಕಡತವನ್ನು ಬದಲಿಸದೆಯೇ ನೇರವಾಗಿ ಹಾಕಿ ಕೆಲಸ ಮಾಡಬಹುದೆಂಬ ಆಸೆ ನಮಗಿತ್ತು. ಕುಮಟಾದಲ್ಲಿ ಇದೇ ಕೆಲಸ ಮಾಡುವ ಹಿರಿಯರೊಬ್ಬರಿಗೆ ಫೋನ್ ಮಾಡಿ, ಲೈಸೆನ್ಸ್ ಜೊತೆಗೆ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳಲೇ ಎಂದು ಕೇಳಿದಾಗ ಅವರು ಹೇಳಿದ್ದು, “ಕಾರ್ಡ್ ನೋಡಡ ಮಾರಾಯ, ಪ್ರೊಸೆಸರ್ ನೋಡು.” ಮಾತು ಒರಟಾಗಿದ್ದರೂ ವಿಷಯ ಪೂರ್ತಿ ಸರಿ. ಎಚ್‌ಇವಿಸಿ ಕಡತವನ್ನು ಬಿಡಿಸುವ, ಅಂದರೆ ಕುಗ್ಗಿಸಿಟ್ಟದ್ದನ್ನು ಮತ್ತೆ ಚಿತ್ರವಾಗಿಸುವ, ಕೆಲಸಕ್ಕೆಂದು ಚಿಪ್ಪಿನೊಳಗೇ ಪ್ರತ್ಯೇಕ ಭಾಗವಿರುತ್ತದೆ. ನಮ್ಮ ನಾಲ್ಕನೆಯ ತಲೆಮಾರಿನ ಐ7ರಲ್ಲಿ ಎಚ್‌ಇವಿಸಿಗೆ ಅದು ಇಲ್ಲ. ಜಿಟಿಎಕ್ಸ್ 1060ರಲ್ಲಿ ಇದೆ, 10 ಬಿಟ್ಟಿಗೂ ಇದೆ, ಆದರೆ 4:2:0ಕ್ಕೆ ಮಾತ್ರ. ಎನ್‌ವಿಡಿಯಾ ಕಾರ್ಡುಗಳಲ್ಲಿ 4:2:2 ಬಿಡಿಸುವ ಶಕ್ತಿ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕಿಂತ ಹಿಂದಿನ ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಈ ಕಡತದ ಹೊರೆ ಪ್ರೊಸೆಸರಿನ ಮೇಲೆಯೇ ಬೀಳುತ್ತದೆ. ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹನ್ನೊಂದನೆಯ ತಲೆಮಾರಿನಿಂದ ಒಳಗಿನ ಗ್ರಾಫಿಕ್ಸ್‌ನಲ್ಲೇ 10 ಬಿಟ್ 4:2:2 ಎಚ್‌ಇವಿಸಿ ಬಿಡಿಸುವ ಸೌಲಭ್ಯವಿದೆ. ಕೊಳ್ಳುವಾಗ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಮಾದರಿಯನ್ನು ಬಿಡಬೇಕು, ಅದರಲ್ಲಿ ಒಳಗಿನ ಗ್ರಾಫಿಕ್ಸೇ ಇರುವುದಿಲ್ಲ. ಸ್ವಲ್ಪ ಅಗ್ಗಕ್ಕೆ ಸಿಗುತ್ತದೆಂದು ಅಂಗಡಿಯವರು ಕೈಗಿಡುವುದು ಹೆಚ್ಚಾಗಿ ಅದನ್ನೇ. ನಮ್ಮ ಕಡತವನ್ನು ಕುಮಟಾಕ್ಕೆ ಒಯ್ದು, ಅವರ ಹನ್ನೆರಡನೆಯ ತಲೆಮಾರಿನ ಯಂತ್ರದಲ್ಲಿ, ಸ್ಟುಡಿಯೋ ಆವೃತ್ತಿಯಲ್ಲಿ ಹಾಕಿದಾಗ ಅದು ಬದಲಿಸದೆಯೇ ಸರಾಗವಾಗಿ ಓಡಿತು. ಬರೀ ತಂತ್ರಾಂಶವನ್ನು ಬದಲಿಸಿ ಹಳೆಯ ಯಂತ್ರದಲ್ಲೇ ಉಳಿದಿದ್ದರೆ ಪ್ರಾಕ್ಸಿ ಮಾಡುವ ಕೆಲಸ ತಪ್ಪುತ್ತಿರಲಿಲ್ಲ.

ಹೊಸದರಿಂದಲೂ ಬಗೆಹರಿಯದ ಎರಡು ಸಂಗತಿಗಳು

ಬಯಲಾಟದ ಮೊದಲ ಪರೀಕ್ಷಾ ಪ್ರತಿಯನ್ನು ನೋಡಿದ ಮದ್ದಳೆಗಾರರೊಬ್ಬರು, “ಚಂಡೆ ಪೆಟ್ಟು ಕೈಗಿಂತ ಮುಂಚೆ ಕೇಳ್ತು, ಎಂತ ಮಾರಾಯ ಇದು?” ಎಂದರು. ಆರಂಭದಲ್ಲಿ ಅಲ್ಲ, ಪ್ರಸಂಗ ಮುಂದುವರಿದಂತೆ. ಕಡತದ ಫ್ರೇಮ್ ದರ ಸ್ಥಿರವಾಗಿತ್ತು, ಜೋಡಣೆಯೂ ಸರಿಯಾಗಿತ್ತು. ಕಾರಣ ಕ್ಯಾಮೆರಾ ಮತ್ತು ಧ್ವನಿ ರೆಕಾರ್ಡರುಗಳ ಒಳಗಿನ ಗಡಿಯಾರಗಳು. ಎರಡೂ ಸೆಕೆಂಡಿಗೆ 48,000 ಮಾದರಿ ಎಂದು ಬರೆದುಕೊಂಡರೂ ಆ ಗಡಿಯಾರಗಳನ್ನು ನಡೆಸುವ ಹರಳುಗಳ ನಡುವೆ ದಶಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೆ ಗಂಟೆಗೆ 72 ಮಿಲಿಸೆಕೆಂಡ್ ಸರಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಇರುವಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಅಂದರೆ ಗಂಟೆಗೆ ಹತ್ತಿರಹತ್ತಿರ ಎರಡು ಫ್ರೇಮ್, ಬೆಳಗಿನ ಜಾವದ ಹೊತ್ತಿಗೆ ಅರ್ಧ ಸೆಕೆಂಡಿನ ಸಮೀಪ. ಭಾಷಣದಲ್ಲಿ ಇದು ತಿಳಿಯದು, ತಾಳ ಬಲ್ಲವರ ಕಿವಿಗೆ ತಪ್ಪದು. ಹೊಸ ಎಡಿಟರಾಗಲಿ ಹಳೆಯದಾಗಲಿ ಒಮ್ಮೆ ಜೋಡಿಸಿ ಸುಮ್ಮನಾಗುತ್ತದೆ. ಒಂದೊಂದು ಪದ್ಯದ ಮುಗಿತಾಯದಲ್ಲಿ ರೆಕಾರ್ಡರಿನ ಧ್ವನಿಯನ್ನು ಕತ್ತರಿಸಿ ಮತ್ತೆ ಕೂರಿಸುವುದು, ಇಲ್ಲವೇ ಮೊದಲ ಮತ್ತು ಕೊನೆಯ ಪೆಟ್ಟುಗಳ ಅಂತರ ಅಳೆದು ಇಡೀ ಧ್ವನಿಯನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸುವುದು, ಇವೆರಡೇ ದಾರಿ. ನಾವು ಮೊದಲನೆಯದನ್ನು ಅನುಸರಿಸುತ್ತೇವೆ. ಮಾತುಗಾರಿಕೆಯ ನಡುವೆ ಕತ್ತರಿಸಲು ಜಾಗ ಧಾರಾಳವಾಗಿ ಸಿಗುತ್ತದೆ.

ಎರಡನೆಯದು ಕನ್ನಡದ ಅಕ್ಷರ. ಹಳೆಯ ಎಡಿಟರ್‌ನ ಟೈಟಲರ್‌ನಲ್ಲಿ ಯೂನಿಕೋಡ್ ಕನ್ನಡ ಬರೆದರೆ ಒತ್ತಕ್ಷರ ಪಕ್ಕಕ್ಕೆ ಜಾರಿ, ಅರ್ಕಾವತ್ತು ಬೇರೆಲ್ಲೋ ಹೋಗಿ ನಿಲ್ಲುತ್ತಿತ್ತು. ಅದಕ್ಕಾಗಿಯೇ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ನುಡಿ, ಬರಹದ ಆಸ್ಕಿ ಫಾಂಟುಗಳನ್ನು ಹಲವು ಎಡಿಟಿಂಗ್ ಕೋಣೆಗಳು ಹಿಡಿದುಕೊಂಡು ಕೂತಿವೆ. ಹೊಸ ತಂತ್ರಾಂಶ ಇದನ್ನು ಪರಿಹರಿಸುತ್ತದೆ ಎಂದು ಮೊದಲೇ ನಂಬಬಾರದು, ಯಾವುದನ್ನು ಕೊಳ್ಳುವುದಿದ್ದರೂ ‘ಕೃಷ್ಣಾರ್ಜುನ’, ‘ಲಕ್ಷ್ಮೀ’, ‘ಕಾರ್ತವೀರ್ಯ’ ಎಂದು ಬರೆದು, ನೆರಳು ಮತ್ತು ಅಂಚು ಹಚ್ಚಿ, ಅಕ್ಷರ ಒಂದೊಂದಾಗಿ ಮೂಡುವ ಅನಿಮೇಷನ್ ಕೊಟ್ಟು ನೋಡಬೇಕು. ನಿಂತಾಗ ಸರಿಯಿದ್ದದ್ದು ಚಲಿಸುವಾಗ ಒಡೆಯಬಹುದು. ಪ್ರೀಮಿಯರ್ ಪ್ರೊದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಬೇರೆಯೇ ಪಠ್ಯ ಎಂಜಿನ್ ಇದೆ, ಅದನ್ನು ಸೆಟ್ಟಿಂಗಿನಲ್ಲಿ ಆರಿಸಿಕೊಳ್ಳಬೇಕು. ನಾವು ಎಡಿಟರನ್ನು ನೆಚ್ಚುವುದನ್ನೇ ಬಿಟ್ಟು, ಶೀರ್ಷಿಕೆಗಳನ್ನೆಲ್ಲ ಇಂಕ್‌ಸ್ಕೇಪ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮ ಫಾಂಟಿನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಹಾಕುತ್ತೇವೆ. ಹಳೆಯದರಲ್ಲೂ ಹೊಸದರಲ್ಲೂ ಅದು ಒಂದೇ ರೀತಿ ಕಾಣುತ್ತದೆ. ಪಾತ್ರಧಾರಿಗಳ ಹೆಸರಿನಲ್ಲಿ ಒಂದು ತಪ್ಪಿದ್ದರೆ ಮತ್ತೆ ಚಿತ್ರ ಮಾಡಬೇಕಾದ ರಗಳೆ ಉಂಟು.

ಹಳೆಯ ಪ್ರಾಜೆಕ್ಟುಗಳು

ಆಪಲ್ 2011ರ ಜೂನ್‌ನಲ್ಲಿ ಫೈನಲ್ ಕಟ್ ಪ್ರೊ ಎಕ್ಸ್ ಬಿಡುಗಡೆ ಮಾಡಿದಾಗ ಅದು ಹಿಂದಿನ ಫೈನಲ್ ಕಟ್ ಪ್ರೊ 7ರ ಪ್ರಾಜೆಕ್ಟುಗಳನ್ನು ತೆರೆಯುತ್ತಿರಲಿಲ್ಲ, ವೃತ್ತಿಯವರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಒಂದೇ ಕಂಪನಿಯ ಎರಡು ತಂತ್ರಾಂಶಗಳ ನಡುವೆ ಹೀಗಾದರೆ ಬೇರೆ ಬೇರೆ ಕಂಪನಿಗಳ ನಡುವೆ ಹೇಳುವುದೇ ಬೇಡ. ಕತ್ತರಿಗಳ ಪಟ್ಟಿಯಷ್ಟೇ ಇರುವ ಇಡಿಎಲ್ ಕಡತದ ಮೂಲಕ ಸಾಗಿಸಿದರೆ ಎಲ್ಲಿ ಕತ್ತರಿ ಬಿದ್ದಿದೆ ಎಂಬುದು ಬರುತ್ತದೆ. ಅದೂ ಒಂದೇ ಚಿತ್ರ ಪದರಕ್ಕೆ. ಪ್ರಾಜೆಕ್ಟ್ ಸಾಗಿಸುವುದಕ್ಕೆಂದೇ ಇರುವ ಎಎಎಫ್ ಕಡತದ ಮೂಲಕವಾದರೆ ಹಲವು ಪದರಗಳು ಬರುತ್ತವೆ. ಶೀರ್ಷಿಕೆ, ಬಣ್ಣ, ಫಿಲ್ಟರುಗಳು ಎರಡರಲ್ಲೂ ಉಳಿಯುವುದಿಲ್ಲ. ಒಂದೇ ತಂತ್ರಾಂಶದೊಳಗೂ ದಾರಿ ಏಕಮುಖ: ಹೊಸ ಆವೃತ್ತಿಗೆ ಏರಿಸಿದ ರಿಸಾಲ್ವ್ ಡೇಟಾಬೇಸಾಗಲಿ ಪ್ರೀಮಿಯರ್ ಪ್ರಾಜೆಕ್ಟಾಗಲಿ ಹಿಂದಿನ ಆವೃತ್ತಿಯಲ್ಲಿ ಮತ್ತೆ ತೆರೆಯುವುದಿಲ್ಲ. ಕೈಯಲ್ಲಿ ಕೆಲಸವಿರುವಾಗ ಆವೃತ್ತಿ ಬದಲಿಸಬಾರದು ಎಂದು ನಾವು ಹಠ ಹಿಡಿದಿರುವುದು ಇದೇ ಕಾರಣಕ್ಕೆ. ಆಟಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲಷ್ಟೇ ಅದಕ್ಕೆ ಕೈ ಹಚ್ಚುತ್ತೇವೆ, ಡೇಟಾಬೇಸಿನ ಬ್ಯಾಕಪ್ ಹೊರಗಿನ ಡಿಸ್ಕಿಗೆ ಹೋದ ನಂತರವೇ.

ಹಳೆಯ ಪ್ರಾಜೆಕ್ಟುಗಳನ್ನು ಹೊಸದಕ್ಕೆ ಎಳೆದು ತರುವ ಪ್ರಯತ್ನವನ್ನು ನಾವು ಮಾಡಲೇ ಇಲ್ಲ. ಅವುಗಳಲ್ಲಿ ಉಳಿಸಿಕೊಳ್ಳಬೇಕಾದದ್ದನ್ನು ಹಳೆಯ ಯಂತ್ರದಲ್ಲೇ ಡಿಎನ್‌ಎಕ್ಸ್‌ಎಚ್‌ಡಿಗೆ ರೆಂಡರ್ ಮಾಡಿ, ಶೀರ್ಷಿಕೆಯಿಲ್ಲದ ಮತ್ತೊಂದು ಪ್ರತಿಯನ್ನೂ, ಭಾಗವತಿಕೆ, ಹಿಮ್ಮೇಳ ಮತ್ತು ಮಾತಿನ ಧ್ವನಿಗಳನ್ನು ಬೇರೆಬೇರೆ ವೇವ್ ಕಡತಗಳಾಗಿಯೂ ತೆಗೆದಿಟ್ಟೆವು. ನಾಳೆ ಯಾರಾದರೂ ಹಳೆಯ ಪ್ರಸಂಗದ ಒಂದು ಭಾಗವನ್ನು ಕೇಳಿದರೆ ಯಾವ ತಂತ್ರಾಂಶದಲ್ಲಾದರೂ ಕತ್ತರಿಸಿ ಕೊಡಬಹುದು.

ಕೊನೆಗೆ ಹಣ ಹಾಕಿದ ಕ್ರಮ ಹೀಗಿದೆ. ಯುಪಿಎಸ್ ಬ್ಯಾಟರಿ ಮತ್ತು ಡಿಸ್ಕ್ ಮೊದಲೇ ಆಗಿತ್ತು. ಅನಂತರ ಒಳಗಿನ ಗ್ರಾಫಿಕ್ಸ್ ಇರುವ ಹನ್ನೆರಡನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್, ಅದಕ್ಕೆ ತಕ್ಕ ಬೋರ್ಡ್, 32 ಜಿಬಿ ರ್‍ಯಾಮ್, ವಿಂಡೋಸ್ 11. ಜಿಟಿಎಕ್ಸ್ 1060 ಕಾರ್ಡನ್ನೇ ಅದಕ್ಕೆ ಸಾಗಿಸಿದೆವು. ಇದರಲ್ಲಿ ಉಚಿತ ಆವೃತ್ತಿಯನ್ನೇ ಹಾಕಿ ಒಂದು ಮದುವೆ ಹಂಗಾಮನ್ನು ಮುಗಿಸಿದೆವು, ಕೊರತೆ ಕಾಣಲಿಲ್ಲ. ಸ್ಟುಡಿಯೋ ಲೈಸೆನ್ಸ್ ಕೊಂಡದ್ದು ಆಟದ ಕೆಲಸಕ್ಕಾಗಿ ಮಾತ್ರ, 10 ಬಿಟ್ ಮತ್ತು ನಾಯ್ಸ್ ರಿಡಕ್ಷನ್ ಎರಡೂ ಬೇಕೇಬೇಕು ಎಂದಾದ ಮೇಲೆ. ಹಳೆಯ ಯಂತ್ರ ತನ್ನ ವಿಂಡೋಸ್ 7, ತನ್ನ ಎಡಿಟರ್ ಸಮೇತ ಮೇಜಿನ ಕೆಳಗಿದೆ. ಕಾರ್ಡ್ ತೆಗೆದದ್ದರಿಂದ ಈಗ ಬೋರ್ಡಿನ ಗ್ರಾಫಿಕ್ಸ್‌ನಲ್ಲೇ ಓಡುತ್ತದೆ, ಎವಿಸಿಎಚ್‌ಡಿ ಕತ್ತರಿಸುವುದಕ್ಕೆ ಅಷ್ಟು ಸಾಕು. ಹೊಸ ಯಂತ್ರದಲ್ಲಿ ಇನ್ನೂ ನೋಡಬೇಕಾದದ್ದು, ಮೂರು ಕ್ಯಾಮೆರಾಗಳ 4ಕೆ ಮೂಲ ಕಡತಗಳನ್ನು ಪ್ರಾಕ್ಸಿಯಿಲ್ಲದೆ ಒಟ್ಟಿಗೆ ಓಡಿಸಿದಾಗ ಹಾರ್ಡ್ ಡಿಸ್ಕ್ ಹಿಂದೆ ಬೀಳುತ್ತದೆಯೇ ಎಂಬುದು. ಮೂರರದೂ ಸೇರಿದರೆ ಸೆಕೆಂಡಿಗೆ 300 ಮೆಗಾಬಿಟ್, ಎಂದರೆ 37.5 ಮೆಗಾಬೈಟ್, ಒಂದೇ ಸಾಲಿನಲ್ಲಿ ಓದುವಾಗ ಡಿಸ್ಕಿಗೆ ಅದು ಭಾರವಲ್ಲ, ಮೂರು ಕಡತಗಳ ನಡುವೆ ಅದರ ಮುಳ್ಳು ಹಾರಾಡಬೇಕಾದಾಗ ಏನಾಗುತ್ತದೆ ಎಂಬುದನ್ನು ಮುಂದಿನ ಆಟದ ಕಡತಗಳು ಬಂದ ಮೇಲೆ ಅಳೆಯಬೇಕು.